ಐನ್‌ಸ್ಟೈನ್ ಸೋತರಂತೆ, ಅವರ ಫೋಟಾನ್ ಗೆದ್ದಿತಂತೆ: ಬೆಳಕಿನ ಸುದ್ದಿಯ ಒಳಗಿರುವ ಗೊಂದಲ

2025ರಲ್ಲಿ ಬೆಳಕಿನ ಬಗ್ಗೆ ಎರಡು ಸುದ್ದಿ ಓಡಾಡಿದವು. ಏಪ್ರಿಲ್‌ನಲ್ಲಿ ಬಂದದ್ದು ಹೀಗಿತ್ತು: ಬೆಳಕನ್ನು ಅಲೆ ಅಂತ ಕರೆಯುವ ಅಗತ್ಯವೇ ಇಲ್ಲ, ಬರೀ ಕಣ ಅಂದುಕೊಂಡರೆ ಸಾಕು. ಜುಲೈನಲ್ಲಿ ಬಂದದ್ದು: ಸುಮಾರು ನೂರು ವರ್ಷದ ಹಳೇ ಜಗಳದಲ್ಲಿ ಐನ್‌ಸ್ಟೈನ್ ಸೋತರು, ನೀಲ್ಸ್ ಬೋರ್ ಗೆದ್ದರು.

ಎರಡನ್ನೂ ಓದಿದವರಿಗೆ ತಲೆ ಕೆಟ್ಟಿರಬೇಕು. ಬೆಳಕು ಕಣ ಅಂತ ಹಟ ಹಿಡಿದವರು ಐನ್‌ಸ್ಟೈನ್ ಅಲ್ವಾ? ನೊಬೆಲ್ ಬಂದದ್ದೂ ಅದಕ್ಕೇ ತಾನೇ? ಕಣ ಗೆದ್ದರೆ ಐನ್‌ಸ್ಟೈನ್ ಸೋಲೋದು ಹೇಗೆ?

ಸುದ್ದಿಗಳ ಹಿಂದಿನ ಸಂಶೋಧನೆ ಎರಡೂ ಅಪ್ಪಟ. ಗೊಂದಲ ಹುಟ್ಟೋದು ‘ಕಣ’ ಅನ್ನೋ ಒಂದು ಪದದಿಂದ. ಆ ಪದ ಕಿವಿಗೆ ಬಿದ್ದ ಕೂಡಲೇ ಕಣ್ಣಮುಂದೆ ಬರೋದು ಸಾಸಿವೆ ಕಾಳು, ಮರಳಿನ ಹರಳು. ಬೆಳಕಿನ ಕಣವಾದ ಫೋಟಾನ್‌ಗೂ ಸಾಸಿವೆಗೂ ಹೋಲಿಕೆ ಒಂದೇ ಒಂದು ವಿಷಯದಲ್ಲಿ: ಎರಡನ್ನೂ ಎಣಿಸಬಹುದು. ಮಿಕ್ಕಿದ್ದೆಲ್ಲ ಬೇರೆ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಎರಡೂ ಸುದ್ದಿ ಬಿಡಿಸಿಕೊಳ್ಳುತ್ತವೆ. ಮೊಬೈಲ್ ಟವರ್‌ಗೆ ಹೆದರಬೇಕೋ ಬೇಡವೋ ಅನ್ನೋದಕ್ಕೂ ಅಲ್ಲೇ ದಾರಿ ಸಿಗುತ್ತದೆ.

ಮೊದಲು ಗೆದ್ದದ್ದು ಅಲೆ

1704ರಲ್ಲಿ ನ್ಯೂಟನ್ ಬೆಳಕನ್ನು ಸಣ್ಣ ಕಣಗಳ ಹರಿವು ಅಂತ ನೋಡಿದರು. 1801ರಲ್ಲಿ ಥಾಮಸ್ ಯಂಗ್ ಅದನ್ನು ಅಲ್ಲಾಡಿಸಿದರು. ಎರಡು ದಾರಿಯಿಂದ ಬಂದ ಬೆಳಕು ಒಂದೆಡೆ ಕೂಡಿದಾಗ ಬೆಳಕು, ಕತ್ತಲು, ಬೆಳಕು, ಕತ್ತಲು ಎಂದು ಪಟ್ಟೆಗಳು ಮೂಡುತ್ತವೆ. ಬೆಳಕಿಗೆ ಬೆಳಕು ಸೇರಿಸಿದರೆ ಕತ್ತಲಾಗೋದು ಅಲೆಗಳಿಂದ ಮಾತ್ರ ಸಾಧ್ಯ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದರೆ ಎರಡೂ ಅಳಿಸಿಹೋಗುತ್ತವೆ. ಸಾಸಿವೆಗೆ ಸಾಸಿವೆ ಸುರಿದರೆ ಸಾಸಿವೆ ಮಾಯವಾಗಲ್ಲ.

1818ರಲ್ಲಿ ಪ್ವಾಸೋನ್ ಅಲೆವಾದವನ್ನು ಗೇಲಿ ಮಾಡೋಕೆ ಹೊರಟರು. ಅದು ನಿಜವಾದರೆ ದುಂಡನೆಯ ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕು, ಎಂಥ ಅಸಂಬದ್ಧ ಅಂದರು. ಅರಾಗೋ ಪ್ರಯೋಗ ಮಾಡಿ ನೋಡಿದರು. ಚುಕ್ಕೆ ಇತ್ತು. 1865ರ ಹೊತ್ತಿಗೆ ಮ್ಯಾಕ್ಸ್‌ವೆಲ್ ಬೆಳಕೂ ವಿದ್ಯುತ್ಕಾಂತೀಯ ಅಲೆಯೇ ಎಂದು ಲೆಕ್ಕ ಕೊಟ್ಟರು. 1887ರಲ್ಲಿ ಹೈನ್ರಿಚ್ ಹರ್ಟ್ಸ್ ತಮ್ಮ ಕೋಣೆಯಲ್ಲೇ ರೇಡಿಯೋ ಅಲೆ ಹುಟ್ಟಿಸಿ ಅದನ್ನು ಹಿಡಿದೂ ತೋರಿಸಿದರು. ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ತಮಾಷೆ ಏನಂದರೆ, ಅಲೆವಾದಕ್ಕೆ ಮುದ್ರೆ ಒತ್ತಿದ ಅದೇ ಪ್ರಯೋಗಗಳ ನಡುವೆ ಹರ್ಟ್ಸ್ ಒಂದು ಸಣ್ಣ ವಿಚಿತ್ರ ಗಮನಿಸಿದರು. ಲೋಹದ ತುದಿಗಳ ಮೇಲೆ ನೇರಳಾತೀತ ಬೆಳಕು ಬಿದ್ದರೆ ಕಿಡಿ ಸುಲಭವಾಗಿ ಹಾರುತ್ತಿತ್ತು. ಏಕೆ ಅಂತ ಅವರಿಗೆ ತಿಳಿಯಲಿಲ್ಲ. ಅಲೆವಾದ ಅಲುಗಾಡಿದ್ದು ಆ ಕಿಡಿಯಿಂದ.

ಸತುವಿನ ತಗಡಿನ ಮುಂದೆ

ಇದನ್ನು ಹತ್ತಿರದಿಂದ ನೋಡೋಣ. ಭೌತಶಾಸ್ತ್ರದ ಲ್ಯಾಬ್‌ಗಳಲ್ಲಿ ಇಂದಿಗೂ ಮಾಡಿ ತೋರಿಸುವ ಪ್ರಯೋಗ ಇದು. ಒಂದು ಸತುವಿನ ತಗಡನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ ಹೊಳಪು ಬರಿಸುತ್ತಾರೆ. ಅದನ್ನು ವಿದ್ಯುದ್ದರ್ಶಕದ (ವಿದ್ಯುತ್ ತುಂಬಿದೆಯೇ ಅಂತ ತೋರಿಸುವ ಉಪಕರಣ) ನೆತ್ತಿಯ ಮೇಲೆ ಇಟ್ಟು ಋಣ ವಿದ್ಯುತ್ ತುಂಬುತ್ತಾರೆ. ಒಳಗಿರುವ ತೆಳು ಚಿನ್ನದ ಹಾಳೆ ಕಡ್ಡಿಯಿಂದ ದೂರ ಸರಿದು ಓರೆಯಾಗಿ ನಿಲ್ಲುತ್ತದೆ. ತಗಡಿನಲ್ಲಿ ಎಲೆಕ್ಟ್ರಾನ್ ಜಾಸ್ತಿ ಇದೆ ಅನ್ನೋದಕ್ಕೆ ಅದೇ ಗುರುತು.

ಈಗ ತಗಡಿನ ಮೇಲೆ ಕಣ್ಣು ಕೋರೈಸುವ ಕೆಂಪು ಬೆಳಕು ಬಿಡಿ. ಹಾಳೆ ಅಲ್ಲಾಡಲ್ಲ. ಎರಡು ದೀಪ ಇಡಿ, ಹತ್ತು ಇಡಿ. ಏನೂ ಆಗಲ್ಲ. ಆಮೇಲೆ ಕ್ರಿಮಿನಾಶಕ್ಕೆ ಬಳಸುವಂಥ ಪಾದರಸದ ನೇರಳಾತೀತ ದೀಪ ಹಚ್ಚಿ. ಹಾಳೆ ಮೆಲ್ಲಗೆ ಬಿದ್ದುಹೋಗುತ್ತದೆ. ಎಲೆಕ್ಟ್ರಾನ್‌ಗಳು ತಗಡನ್ನು ಬಿಟ್ಟು ಹೊರಟವು.

ನನ್ನ ಪ್ರಕಾರ ಈ ಪ್ರಯೋಗದ ಜೀವ ಇರೋದು ಮುಂದಿನ ಹೆಜ್ಜೆಯಲ್ಲಿ. ದೀಪಕ್ಕೂ ತಗಡಿಗೂ ನಡುವೆ ಸಾಧಾರಣ ಕಿಟಕಿ ಗಾಜಿನ ಒಂದು ತುಂಡು ತೂರಿಸಿ. ಗಾಜಿನಾಚೆಗೂ ದೀಪದ ನೀಲಿ ಹೊಳಪು ಹಾಗೇ ಕಾಣುತ್ತಿರುತ್ತದೆ. ಆದರೆ ಬೀಳುತ್ತಿದ್ದ ಹಾಳೆ ಅಲ್ಲೇ ನಿಂತುಬಿಡುತ್ತದೆ. ಗಾಜು ತೆಗೆಯಿರಿ, ಮತ್ತೆ ಬೀಳುತ್ತದೆ. ಕಣ್ಣಿಗೆ ಕಾಣುವ ಬೆಳಕಿನಷ್ಟನ್ನೂ ಗಾಜು ಬಿಟ್ಟಿದೆ. ಕಾಣದ ಒಂದು ತುಂಡನ್ನು ಮಾತ್ರ ತಡೆದಿದೆ. ಕೆಲಸ ಮಾಡುತ್ತಿದ್ದದ್ದು ಆ ತುಂಡೇ.

ಅಲೆಯ ಲೆಕ್ಕದಲ್ಲಿ ಇದು ಕೂರಲ್ಲ. ಅಲೆ ಅಂದರೆ ಶಕ್ತಿ ಹರಡಿಕೊಂಡು ಬರುತ್ತದೆ. ದೀಪ ಜೋರು ಮಾಡಿದರೆ ಶಕ್ತಿ ಜಾಸ್ತಿ, ಎಲೆಕ್ಟ್ರಾನ್ ಇನ್ನೂ ರಭಸದಿಂದ ಹಾರಬೇಕು. ಮಂದವಾದ ಬೆಳಕಾದರೆ ಸ್ವಲ್ಪ ಸ್ವಲ್ಪವೇ ಶಕ್ತಿ ಕೂಡಿಸಿಕೊಂಡು ತಡವಾಗಿಯಾದರೂ ಹಾರಬೇಕು. 1902ರಲ್ಲಿ ಫಿಲಿಪ್ ಲೆನಾರ್ಡ್ ಅಳೆದು ನೋಡಿದರು. ಬೆಳಕಿನ ಜೋರು ಹೆಚ್ಚಿಸಿದರೆ ಹಾರುವ ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚುತ್ತಿತ್ತು, ಒಂದೊಂದರ ರಭಸ ಹೆಚ್ಚುತ್ತಿರಲಿಲ್ಲ.

1905ರಲ್ಲಿ 26 ವರ್ಷದ ಐನ್‌ಸ್ಟೈನ್ ಕೊಟ್ಟ ಉತ್ತರ ಇದು: ಬೆಳಕು ಶಕ್ತಿಯನ್ನು ಗಂಟುಗಂಟಾಗಿ ಕೊಡುತ್ತದೆ. ಒಂದು ಗಂಟಿನಲ್ಲಿ ಎಷ್ಟಿರುತ್ತದೆ ಅನ್ನೋದನ್ನು ಬೆಳಕಿನ ಆವೃತ್ತಿ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನೋದು ತೀರ್ಮಾನಿಸುತ್ತದೆ. ಆವೃತ್ತಿಯನ್ನು ಪ್ಲಾಂಕ್ ಸ್ಥಿರಾಂಕದಿಂದ ಗುಣಿಸಿದರೆ ಆಯಿತು. ಆ ಸ್ಥಿರಾಂಕ ಎಷ್ಟು ಸಣ್ಣದೆಂದರೆ, ದಶಮಾಂಶ ಚುಕ್ಕೆಯ ನಂತರ 33 ಸೊನ್ನೆ ಬರೆದು ಆಮೇಲೆ 6626 ಅಂತ ಬರೆಯಬೇಕು. ದಿನನಿತ್ಯದ ಬೆಳಕು ನಮಗೆ ನೀರಿನ ಧಾರೆಯ ಹಾಗೆ ಕಾಣೋದು ಅದಕ್ಕೇ. ಒಂದು ವಾಟ್ ಹಸಿರು ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 27 ಲಕ್ಷ ಕೋಟಿಯ ಒಂದು ಲಕ್ಷ ಪಟ್ಟು ಗಂಟುಗಳು ಬರುತ್ತಿರುತ್ತವೆ.

ಸತುವಿನಿಂದ ಒಂದು ಎಲೆಕ್ಟ್ರಾನ್ ಕೀಳೋಕೆ ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ (ಇಷ್ಟು ಸಣ್ಣ ಶಕ್ತಿಯನ್ನು ಅಳೆಯುವ ಮಾನ) ಬೇಕು. ಪಾದರಸ ದೀಪದ ನೇರಳಾತೀತ ಗಂಟಿನಲ್ಲಿ 4.9 ಇದೆ. ಕೆಂಪು ಬೆಳಕಿನ ಗಂಟಿನಲ್ಲಿ ಎರಡು ಎಲೆಕ್ಟ್ರಾನ್ ವೋಲ್ಟ್ ಕೂಡ ಇಲ್ಲ. ಎಲೆಕ್ಟ್ರಾನ್‌ಗೆ ಒಂದು ಸಲಕ್ಕೆ ಸಿಗೋದು ಒಂದೇ ಗಂಟು. ಒಂದಡಿ ಎತ್ತರ ಹಾರುವವರು ಸಾವಿರ ಜನ ಸೇರಿದರೂ ಐದಡಿ ಗೋಡೆ ದಾಟೋಕಾಗಲ್ಲ. ಐದೂವರೆ ಅಡಿ ಹಾರುವವನು ಒಬ್ಬನಿದ್ದರೆ ಸಾಕು.

ಹದಿನೆಂಟು ವರ್ಷ ಬಹುತೇಕ ಯಾರೂ ಒಪ್ಪಲಿಲ್ಲ

ಗಂಟಿನ ಲೆಕ್ಕವನ್ನು ಮೊದಲು ಶುರು ಮಾಡಿದವರು 1900ರ ಡಿಸೆಂಬರ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್. ಆದರೆ ಬೆಳಕೇ ಗಂಟುಗಳಲ್ಲಿದೆ ಅಂತ ಅವರು ಹೇಳಿರಲಿಲ್ಲ. 1913ರಲ್ಲಿ ಐನ್‌ಸ್ಟೈನ್‌ರನ್ನು ಪ್ರಷ್ಯಾದ ವಿಜ್ಞಾನ ಅಕಾಡೆಮಿಗೆ ಸೇರಿಸಿಕೊಳ್ಳಿ ಎಂದು ಶಿಫಾರಸು ಬರೆಯುವಾಗ ಪ್ಲಾಂಕ್ ಮತ್ತು ಸಂಗಡಿಗರು ಒಂದು ಮಾತು ಸೇರಿಸಿದರು: ಬೆಳಕಿನ ಗಂಟಿನಂಥ ವಿಚಾರದಲ್ಲಿ ಈತ ಗುರಿ ತಪ್ಪಿರಬಹುದು, ಅದನ್ನು ದೊಡ್ಡದು ಮಾಡಬೇಡಿ. ಹೊಗಳಿಕೆಯ ನಡುವೆಯೇ ಕ್ಷಮೆ ಕೇಳಿದ ಹಾಗಿತ್ತು.

ರಾಬರ್ಟ್ ಮಿಲಿಕನ್ ಇನ್ನೂ ಮುಂದೆ ಹೋದರು. ಐನ್‌ಸ್ಟೈನ್ ಸಮೀಕರಣ ತಪ್ಪು ಅಂತ ತೋರಿಸಲು ವರ್ಷಗಟ್ಟಲೆ ಅಳತೆ ಮಾಡಿದರು. 1916ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಮೀಕರಣ ಕರಾರುವಾಕ್ಕಾಗಿ ಕೂತಿತ್ತು. ಆದರೂ ಅದರ ಹಿಂದಿನ ಕಲ್ಪನೆಯನ್ನು ಅವರು ಆಗ ಒಪ್ಪಲಿಲ್ಲ, ಅದು ದುಡುಕು ಅಂತಲೇ ಬರೆದರು. ನೊಬೆಲ್ ಸಮಿತಿಯೂ ಅಷ್ಟೇ. 1921ರ ಬಹುಮಾನವನ್ನು ಐನ್‌ಸ್ಟೈನ್‌ಗೆ ಕೊಟ್ಟದ್ದು ದ್ಯುತಿವಿದ್ಯುತ್ ಪರಿಣಾಮದ (ಬೆಳಕು ಬಿದ್ದು ಲೋಹದಿಂದ ಎಲೆಕ್ಟ್ರಾನ್ ಹಾರುವುದು) ‘ನಿಯಮ’ಕ್ಕೆ. ಬೆಳಕಿನ ಗಂಟು ಅನ್ನೋ ಮಾತನ್ನು ಅದು ಜಾಣತನದಿಂದ ಬಿಟ್ಟಿತು.

ಗಾಳಿ ಬದಲಾದದ್ದು 1923ರಲ್ಲಿ. ಆರ್ಥರ್ ಕಾಂಪ್ಟನ್ ಗ್ರಾಫೈಟ್ ಮೇಲೆ ಎಕ್ಸ್‌ರೇ ಬಿಟ್ಟರು. ಚದುರಿ ಬಂದ ಎಕ್ಸ್‌ರೇಯ ತರಂಗದೂರ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ) ಹೆಚ್ಚಾಗಿತ್ತು, ಅಂದರೆ ಶಕ್ತಿ ಕಡಿಮೆಯಾಗಿತ್ತು. ಎಷ್ಟು ಕಡಿಮೆ ಅನ್ನೋದು ಚದುರಿದ ಕೋನಕ್ಕೆ ತಕ್ಕಂತೆ, ಒಂದು ಚೆಂಡು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಹೋದಾಗಿನ ಲೆಕ್ಕದಲ್ಲೇ ಸಿಗುತ್ತಿತ್ತು. ಬೆಳಕಿನ ಗಂಟು ಶಕ್ತಿಯ ಜೊತೆ ತಳ್ಳುವ ಬಲವನ್ನೂ ಹೊತ್ತು ತರುತ್ತದೆ ಅಂತಾಯಿತು. ಮರುವರ್ಷ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನ್‌ಗೆ ಒಂದು ಪ್ರಬಂಧ ಕಳಿಸಿದರು. ಈ ಕಣಗಳನ್ನು ಇದು ಒಂದನೆಯದು, ಅದು ಎರಡನೆಯದು ಎಂದು ಗುರುತಿಸಲು ಬರುವುದಿಲ್ಲ ಎಂಬ ಎಣಿಕೆಯಿಂದ ಅವರು ಪ್ಲಾಂಕ್ ಸೂತ್ರವನ್ನು ಹೊಸದಾಗಿ ಪಡೆದಿದ್ದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ‘ಫೋಟಾನ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಇದೆಲ್ಲ ಆದ ಮೇಲೆ, 1926ರಲ್ಲಿ, ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ ಅವರಿಂದ.

ಬೋಸ್ ಹೇಳಿದ್ದನ್ನು ಸ್ವಲ್ಪ ನಿಂತು ನೋಡಬೇಕು. ಎರಡು ಸಾಸಿವೆ ಕಾಳುಗಳಿಗೆ ಗುರುತು ಹಾಕಬಹುದು. ಎರಡು ಫೋಟಾನ್‌ಗಳಿಗೆ ಗುರುತು ಹಾಕೋಕಾಗಲ್ಲ. ‘ಎರಡು ಇವೆ’ ಅನ್ನಬಹುದು, ‘ಇದು ಯಾವುದು’ ಅಂತ ಕೇಳುವಂತಿಲ್ಲ. ಬ್ಯಾಂಕ್ ಖಾತೆಯಲ್ಲಿರುವ ಹಣದ ಹಾಗೆ: ಎಷ್ಟಿದೆ ಅಂತ ಹೇಳಬಹುದು, ಯಾವ ನೋಟು ಅಂತ ಕೇಳಿದರೆ ಅರ್ಥವಿಲ್ಲ. ಎಣಿಸಬಹುದಾದರೂ ಫೋಟಾನ್ ಕಾಳಲ್ಲ ಅನ್ನೋದಕ್ಕೆ ಮೊದಲ ಸುಳಿವು ಇದು.

ಒಂದೊಂದಾಗಿ ಕಳಿಸಿದರೆ?

ಎರಡನೇ ಸುಳಿವು ಇನ್ನೂ ವಿಚಿತ್ರ. 1909ರಲ್ಲಿ ಜೆಫ್ರಿ ಟೇಲರ್ ಎಂಬ ತರುಣ ಒಂದು ಸೂಜಿಯ ನೆರಳಿನ ಫೋಟೋ ತೆಗೆದರು. ಬೆಳಕನ್ನು ಎಷ್ಟು ಮಂದ ಮಾಡಿದ್ದರೆಂದರೆ, ಒಂದು ಫೋಟೋಗೆ ಸುಮಾರು ಮೂರು ತಿಂಗಳು ಹಿಡಿಯಿತು. ಅಷ್ಟು ಮಂದ ಬೆಳಕಲ್ಲೂ ನೆರಳಿನ ಅಂಚಿನ ಪಟ್ಟೆಗಳು ಮೊದಲಿನಷ್ಟೇ ಚೊಕ್ಕವಾಗಿದ್ದವು.

ಈಗಿನ ಕ್ಯಾಮೆರಾಗಳಲ್ಲಿ ಇದನ್ನೇ ಕಣ್ಣಾರೆ ನೋಡಬಹುದು. ಎರಡು ಸೀಳುಗಳ ಹಿಂದಿನಿಂದ ಅತಿ ಮಂದ ಬೆಳಕು ಬಿಟ್ಟರೆ ಮೊದಲು ಪರದೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಆಮೇಲೆ ಇನ್ನೆಲ್ಲೋ ಒಂದು. ಅಡ್ಡಾದಿಡ್ಡಿ ಎರಚಿದ ಹಾಗೆ. ನೂರಾದಾಗಲೂ ಏನೂ ಗೊತ್ತಾಗಲ್ಲ. ಸಾವಿರ ದಾಟಿದ ಮೇಲೆ ಕೆಲವು ಕಡೆ ದಟ್ಟ, ಕೆಲವು ಕಡೆ ಖಾಲಿ. ಹತ್ತು ಸಾವಿರ ದಾಟಿದರೆ ಯಂಗ್ ಕಂಡ ಪಟ್ಟೆಗಳೇ ಎದ್ದು ನಿಲ್ಲುತ್ತವೆ. ಪ್ರತಿ ಸಲವೂ ಬಿದ್ದದ್ದು ಇಡೀ ಒಂದು ಚುಕ್ಕೆ, ಅರ್ಧ ಚುಕ್ಕೆ ಯಾವತ್ತೂ ಬೀಳಲ್ಲ. ಆದರೆ ಎಲ್ಲಿ ಬೀಳುವ ಸಂಭವ ಎಷ್ಟು ಅನ್ನೋದನ್ನು ಹೇಳೋದು ಅಲೆಯ ಲೆಕ್ಕ.

ಇಲ್ಲಿ ಪಠ್ಯಪುಸ್ತಕಗಳು ಮುಚ್ಚಿಡುವ ಒಂದು ಸಂಗತಿ ಹೇಳಲೇಬೇಕು. ದ್ಯುತಿವಿದ್ಯುತ್ ಪರಿಣಾಮ ಫೋಟಾನ್ ಇರುವುದಕ್ಕೆ ಸಾಕ್ಷಿ ಎಂದು ನಾವೆಲ್ಲ ಓದಿದ್ದೇವೆ. 1960ರ ದಶಕದ ಕೊನೆಗೆ ವಿಲ್ಲಿಸ್ ಲ್ಯಾಂಬ್ ಮತ್ತು ಮಾರ್ಲನ್ ಸ್ಕಲ್ಲಿ ಅದು ಪೂರ್ತಿ ಸಾಕ್ಷಿ ಆಗಲ್ಲ ಅಂತ ತೋರಿಸಿದರು. ಬೆಳಕನ್ನು ಹಳೇ ಅಲೆಯಾಗಿಯೇ ಬಿಟ್ಟು, ಲೋಹದ ಪರಮಾಣುಗಳನ್ನು ಮಾತ್ರ ಕ್ವಾಂಟಂ ನಿಯಮಕ್ಕೆ ಒಳಪಡಿಸಿದರೂ ಆ ಪರಿಣಾಮದ ಮುಖ್ಯ ಲಕ್ಷಣಗಳು ಬರುತ್ತವೆ. ಗಂಟು ಇರೋದು ಬೆಳಕಿನಲ್ಲೋ, ಪಡೆಯುವ ಪರಮಾಣುವಿನಲ್ಲೋ? ಪ್ರಶ್ನೆ ನ್ಯಾಯವಾಗಿತ್ತು. ನೊಬೆಲ್ ಪಡೆದಿದ್ದ ಲ್ಯಾಂಬ್ 1995ರಲ್ಲಿ ‘ಫೋಟಾನ್’ ಪದದ ವಿರುದ್ಧವೇ ಒಂದು ಪ್ರಬಂಧ ಬರೆದರು.

ಉತ್ತರ ಬೇರೆ ದಾರಿಯಿಂದ ಬಂತು. 1977ರಲ್ಲಿ ಕಿಂಬಲ್, ಡಾಜೆನೇ ಮತ್ತು ಮ್ಯಾಂಡೆಲ್, ಪರಮಾಣು ಸೂಸುವ ಫೋಟಾನ್‌ಗಳು ಜೊತೆಜೊತೆಯಾಗಿ ಬರದೆ ಬಿಡಿಬಿಡಿಯಾಗಿ ಬರುತ್ತವೆ ಎಂದು ಅಳೆದರು. 1986ರಲ್ಲಿ ಗ್ರಾಂಜಿಯೇ, ರೋಜೆ ಮತ್ತು ಆಸ್ಪೆ ಅದಕ್ಕಿಂತ ಸರಳವಾದದ್ದು ಮಾಡಿದರು. ಅರೆಗನ್ನಡಿಯ ಮೇಲೆ ಒಂದೇ ಒಂದು ಫೋಟಾನ್ ಬಿಟ್ಟರು. ಅರೆಗನ್ನಡಿ ಬೆಳಕನ್ನು ಅರ್ಧ ನೇರಕ್ಕೆ, ಅರ್ಧ ಪಕ್ಕಕ್ಕೆ ಕಳಿಸುತ್ತದೆ. ಎರಡೂ ಕಡೆ ಒಂದೊಂದು ಶೋಧಕ. ಬೆಳಕು ಬರೀ ಅಲೆಯಾಗಿದ್ದರೆ ಎರಡು ಕಡೆಗೂ ಹಂಚಿಹೋಗುತ್ತದೆ, ಎರಡೂ ಶೋಧಕ ಒಟ್ಟಿಗೆ ‘ಟಿಕ್’ ಅನ್ನೋದು ಇಂತಿಷ್ಟಾದರೂ ಇರಲೇಬೇಕು. ಸಿಕ್ಕಿದ್ದು ಆ ಕನಿಷ್ಠದ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಪರಮಾಣುವಿನ ಮೇಲೆ ಗೂಬೆ ಕೂರಿಸಿ ಇದನ್ನು ವಿವರಿಸಲು ಬರಲ್ಲ. ಅದೇ ಫೋಟಾನ್‌ಗಳ ಎರಡು ದಾರಿಗಳನ್ನು ಮತ್ತೆ ಕೂಡಿಸಿದಾಗ ಪಟ್ಟೆಗಳೂ ಬಂದವು.

ಹಾಗಾಗಿ ನಾನು ಹೀಗೆ ಹೇಳುತ್ತೇನೆ: ಬೆಳಕು ಸಾಗೋದು ಅಲೆಯ ನಿಯಮದಂತೆ, ಕೊಡೋದು ತೆಗೆದುಕೊಳ್ಳೋದು ಇಡಿ ಎಣಿಕೆಯಲ್ಲಿ. ಅದರ ಹತ್ತಿರ ಚಿಲ್ಲರೆ ಇಲ್ಲ. ‘ಒಮ್ಮೆ ಅಲೆ, ಒಮ್ಮೆ ಕಣ’ ಎಂಬ ವೇಷ ಬದಲಿಸುವ ಕಥೆ ಕೇಳೋಕೆ ಚೆಂದ, ಆದರೆ ಓದುಗರನ್ನು ದಾರಿ ತಪ್ಪಿಸುತ್ತದೆ. ವೇಷ ಬದಲಾಗುತ್ತಿಲ್ಲ. ಎರಡೂ ಗುಣ ಒಂದೇ ವಸ್ತುವಿನವು, ಎಲ್ಲ ಹೊತ್ತಿನಲ್ಲೂ ಇರುವಂಥವು.

ಹಾಗಾದರೆ ಐನ್‌ಸ್ಟೈನ್ ಸೋತದ್ದು ಎಲ್ಲಿ?

1927ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನ ಸಾಲ್ವೇ ಸಮ್ಮೇಳನದಲ್ಲಿ ಐನ್‌ಸ್ಟೈನ್ ಒಂದು ಜಾಣ ಪ್ರಶ್ನೆ ಎತ್ತಿದರು. ಫೋಟಾನ್ ಒಂದು ಸೀಳಿನಲ್ಲಿ ದಾರಿ ಬದಲಿಸಿ ಹೋಗುವಾಗ ಆ ಸೀಳನ್ನು ಸ್ವಲ್ಪ ತಳ್ಳುತ್ತದೆ ಅಲ್ವಾ? ಸೀಳನ್ನು ಸ್ಪ್ರಿಂಗ್ ಮೇಲೆ ಕೂರಿಸಿದರೆ ಆ ಅಲುಗಾಟ ನೋಡಿ ಫೋಟಾನ್ ಯಾವ ದಾರಿ ಹಿಡಿಯಿತು ಅಂತ ತಿಳಿಯಬಹುದು. ಪಟ್ಟೆಗಳೂ ಉಳಿಯುತ್ತವೆ. ದಾರಿ ಮತ್ತು ಪಟ್ಟೆ ಎರಡೂ ಒಟ್ಟಿಗೆ ಸಿಕ್ಕರೆ ಕ್ವಾಂಟಂ ಸಿದ್ಧಾಂತದಲ್ಲಿ ತೂತು ಬಿತ್ತು ಎಂದರ್ಥ.

ಬೋರ್ ಕೊಟ್ಟ ಉತ್ತರ: ಸೀಳು ಕೂಡ ಕ್ವಾಂಟಂ ನಿಯಮ ಮೀರಲಾರದು. ಅಷ್ಟು ಸಣ್ಣ ಅಲುಗಾಟ ಅಳೆಯುವಷ್ಟು ಅದರ ವೇಗ ಖಚಿತವಾಗಿದ್ದರೆ ಅದು ಇರುವ ಜಾಗ ಮಸುಕಾಗುತ್ತದೆ. ಸೀಳಿನ ಜಾಗವೇ ಮಸುಕಾದರೆ ಪಟ್ಟೆಗಳೂ ಮಸುಕಾಗಿ ಅಳಿಸಿಹೋಗುತ್ತವೆ.

ಆಗ ಇದು ಬರೀ ಮನಸ್ಸಿನಲ್ಲಿ ಮಾಡುವ ಪ್ರಯೋಗ. ಒಂದು ಫೋಟಾನ್ ತಳ್ಳಿದರೆ ಅಲುಗುವಷ್ಟು ಹಗುರ ಸೀಳು ಎಲ್ಲಿಂದ ತರೋದು? ಜುಲೈ ಸುದ್ದಿಯ ಮೂಲವಾದ, ಅಮೆರಿಕದ ಎಂಐಟಿಯ ವೋಲ್ಫ್‌ಗ್ಯಾಂಗ್ ಕೆಟರ್ಲೆ ತಂಡ ಪರಮಾಣುಗಳನ್ನೇ ಸೀಳಾಗಿ ಬಳಸಿತು. ಹತ್ತು ಸಾವಿರಕ್ಕೂ ಹೆಚ್ಚು ಪರಮಾಣುಗಳನ್ನು ಸಂಪೂರ್ಣ ಶೂನ್ಯಕ್ಕಿಂತ ಒಂದಿಷ್ಟು ಮೈಕ್ರೋಕೆಲ್ವಿನ್ ಮೇಲಿರುವಷ್ಟು ತಣ್ಣಗೆ ಮಾಡಿ, ಲೇಸರ್ ಜಾಲದಲ್ಲಿ ಮೊಟ್ಟೆಯ ಟ್ರೇನಲ್ಲಿಟ್ಟ ಹಾಗೆ ಸಾಲಾಗಿ ಕೂರಿಸಿದರು. ಒಂದೊಂದು ಪರಮಾಣು ಹೆಚ್ಚೆಂದರೆ ಒಂದೇ ಫೋಟಾನ್ ಚದುರಿಸುವಷ್ಟು ಮಂದ ಬೆಳಕು ಬಿಟ್ಟರು. ಲೇಸರ್ ಹಿಡಿತ ಸಡಿಲಿಸಿದರೆ ಪರಮಾಣುವಿನ ಜಾಗ ಹೆಚ್ಚು ಮಸುಕಾಗುತ್ತದೆ, ಬಿಗಿ ಮಾಡಿದರೆ ಕಡಿಮೆ. ಮಸುಕು ಹೆಚ್ಚಿದಂತೆ ಫೋಟಾನ್‌ನ ದಾರಿಯ ಗುರುತು ಪರಮಾಣುವಿನಲ್ಲಿ ಹೆಚ್ಚು ಉಳಿಯಿತು, ಪಟ್ಟೆ ಕೊಡುವ ಬೆಳಕು ಅಷ್ಟೇ ಕಡಿಮೆಯಾಯಿತು. ಲೆಕ್ಕ ಹೇಳಿದಷ್ಟೇ.

ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಲೇಸರ್ ಹಿಡಿತವನ್ನು ಪೂರ್ತಿ ಬಿಟ್ಟು, ಪರಮಾಣುಗಳು ಬಿದ್ದುಹೋಗುವ ಮುನ್ನ, ತೇಲುತ್ತಿರುವಾಗಲೇ ಅಳೆದರು. ಫಲಿತಾಂಶ ಬದಲಾಗಲಿಲ್ಲ. ಅಂದರೆ ಐನ್‌ಸ್ಟೈನ್ ಕಲ್ಪಿಸಿದ ಸ್ಪ್ರಿಂಗ್ ಮುಖ್ಯವೇ ಅಲ್ಲ, ಮಸುಕು ಮಾತ್ರ ಮುಖ್ಯ.

ಈಗ ತಲೆಬರಹಕ್ಕೆ ಬನ್ನಿ. ಐನ್‌ಸ್ಟೈನ್ ಸೋತದ್ದು 1927ರ ಆ ವಾದದಲ್ಲಿ. ಆ ಸೋಲು ಹೊಸದಲ್ಲ, ಭೌತವಿಜ್ಞಾನಿಗಳು ಬಹಳ ಹಿಂದೆಯೇ ಬೋರ್ ಮಾತನ್ನು ಒಪ್ಪಿದ್ದರು. ಹೊಸದು ಏನಂದರೆ ಅಷ್ಟು ಸೂಕ್ಷ್ಮವಾಗಿ ಅದನ್ನು ಮಾಡಿ ತೋರಿಸಿದ್ದು. ಮತ್ತೆ ಆ ಪ್ರಯೋಗ ನಡೆಯೋದೇ ಬೆಳಕನ್ನು ಒಂದೊಂದು ಫೋಟಾನ್ ಆಗಿ ಎಣಿಸಿದರೆ. 1927ರ ಐನ್‌ಸ್ಟೈನ್‌ರನ್ನು ಸೋಲಿಸಲು 1905ರ ಐನ್‌ಸ್ಟೈನ್ ಬೇಕಾಯಿತು.

‘ಅಲೆಯೇ ಬೇಡ’ ಎಂಬ ವಾದ

ಏಪ್ರಿಲ್ ಸುದ್ದಿಯ ಮೂಲ ಬ್ರೆಜಿಲ್‌ನ ವಿಲಾಸ್‌-ಬೋಆಸ್, ಜರ್ಮನಿಯ ಗೆರ್ಹಾರ್ಡ್ ರೆಂಪೆ ಮತ್ತು ಸಂಗಡಿಗರ ಪ್ರಬಂಧ. ಪಟ್ಟೆಗಳ ನಡುವಿನ ಕಪ್ಪು ಜಾಗದಲ್ಲಿ ಬೆಳಕು ಅಳಿಸಿಹೋಗಿದೆ ಅಂತ ನಾವು ಹೇಳುತ್ತೇವೆ. ಅವರು ಹೇಳೋದು ಬೇರೆ: ಅಲ್ಲೂ ಫೋಟಾನ್‌ಗಳು ಇರಬಹುದು, ಆದರೆ ಶೋಧಕದ ಪರಮಾಣು ಹೀರಲಾರದ ಸ್ಥಿತಿಯಲ್ಲಿವೆ. ಅದನ್ನು ಅವರು ‘ಕತ್ತಲ ಸ್ಥಿತಿ’ ಅನ್ನುತ್ತಾರೆ. ಹೀರಬಲ್ಲದ್ದು ‘ಬೆಳಕಿನ ಸ್ಥಿತಿ’. ಹೀಗೆ ನೋಡಿದರೆ ಅಲೆಗಳು ಪರಸ್ಪರ ಅಳಿಸೋ ಮಾತು ಬೇಕಾಗಲ್ಲ.

ಇದು ಸುಂದರವಾದ ನೋಟ. ಆದರೆ ಹಳೆಯದನ್ನು ಕೆಡವಿದ ಹೊಸ ಸಿದ್ಧಾಂತ ಅಲ್ಲ. 1963ರಲ್ಲಿ ರಾಯ್ ಗ್ಲೌಬರ್ ಕಟ್ಟಿದ ಬೆಳಕಿನ ಕ್ವಾಂಟಂ ಸಿದ್ಧಾಂತದ ಗಣಿತವೇ ಇಲ್ಲೂ ಇರೋದು. ಯಾವ ಸ್ಥಿತಿ ಎಲ್ಲಿ ಕತ್ತಲು ಅನ್ನೋದನ್ನು ತೀರ್ಮಾನಿಸುವುದು ಎರಡು ದಾರಿಗಳ ಉದ್ದದ ವ್ಯತ್ಯಾಸ ಮತ್ತು ತರಂಗದೂರ. ಅಂದರೆ ಅಲೆಯನ್ನು ಮುಂಬಾಗಿಲಿನಿಂದ ಹೊರಗೆ ಕಳಿಸಿ ಹಿತ್ತಲಿನಿಂದ ಒಳಗೆ ಕರೆದುಕೊಂಡ ಹಾಗಾಯಿತು. ಎರಡು ವಿವರಣೆಗಳೂ ಮಾಮೂಲಿ ಸೀಳಿನ ಪ್ರಯೋಗಕ್ಕೆ ಒಂದೇ ಉತ್ತರ ಕೊಡುತ್ತವೆ. ಜಗಳ ಇರೋದು ಕಥೆ ಹೇಳುವ ರೀತಿಯಲ್ಲಿ.

ಟವರ್, ಬಿಸಿಲು, ಎಕ್ಸ್‌ರೇ

ಈ ಎಣಿಕೆ ನಮ್ಮ ಬದುಕಿಗೆ ನೇರವಾಗಿ ತಟ್ಟುವುದು ‘ವಿಕಿರಣ’ ಅನ್ನೋ ಪದದ ಸುತ್ತ. ಅಣುಸ್ಥಾವರದ್ದೂ ವಿಕಿರಣ, ಎಕ್ಸ್‌ರೇಯೂ ವಿಕಿರಣ, ಮೊಬೈಲ್ ಟವರ್‌ನದ್ದೂ ವಿಕಿರಣ. ಒಂದೇ ಹೆಸರು ಇರೋದರಿಂದ ಒಂದೇ ಭಯ.

ಗಂಟಿನ ತೂಕ ನೋಡಿ. 3.5 ಗಿಗಾಹರ್ಟ್ಸ್‌ನ 5ಜಿ ಫೋಟಾನ್ ಒಂದರಲ್ಲಿ ಇರೋದು ಒಂದು ಎಲೆಕ್ಟ್ರಾನ್ ವೋಲ್ಟ್‌ನ ಲಕ್ಷದಲ್ಲಿ ಸುಮಾರು ಒಂದೂವರೆ ಪಾಲು. ಹಸಿರು ಬೆಳಕಿನ ಒಂದು ಫೋಟಾನ್ ಅಂಥ ಸುಮಾರು 1.6 ಲಕ್ಷ ಫೋಟಾನ್‌ಗಳಿಗೆ ಸಮ. ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕಿ ಡಿಎನ್ಎಗೆ ನೇರ ಏಟು ಕೊಡೋಕೆ ಬೇಕಾದದ್ದು 10 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು, ಅಂದರೆ 5ಜಿ ಫೋಟಾನ್‌ನ ಸುಮಾರು 7 ಲಕ್ಷ ಪಟ್ಟು. ನಮ್ಮ ಮೈ 37 ಡಿಗ್ರಿ ಬಿಸಿ ಇರೋದರಿಂದಲೇ ಒಳಗಿನ ಅಣುಗಳು ಸದಾ ಅಲುಗಾಡುತ್ತಿರುತ್ತವೆ. ಆ ಅಲುಗಾಟದ ಶಕ್ತಿಯೇ 5ಜಿ ಫೋಟಾನ್‌ನ ಸುಮಾರು 1800 ಪಟ್ಟು. ಜಾತ್ರೆಯ ಗದ್ದಲದಲ್ಲಿ ಪಿಸುಮಾತು.

‘ಏಳು ಲಕ್ಷ ಫೋಟಾನ್ ಒಟ್ಟಿಗೆ ಬಂದರೆ?’ ಅಂತ ಯಾರಾದರೂ ಕೇಳಬಹುದು. ಒಂದು ಎಲೆಕ್ಟ್ರಾನ್ ಎರಡು ಫೋಟಾನ್ ಒಟ್ಟಿಗೆ ನುಂಗಬಹುದು ಅಂತ ಮರಿಯಾ ಗೆಪರ್ಟ್ 1931ರಲ್ಲೇ ಲೆಕ್ಕ ಹಾಕಿದ್ದರು. ಅದು ಕಣ್ಣಿಗೆ ಬಿದ್ದದ್ದು ಲೇಸರ್ ಬಂದ ಮೇಲೆ, 1961ರಲ್ಲಿ. ಎರಡಕ್ಕೇ ಅಷ್ಟು ತೀಕ್ಷ್ಣ ಬೆಳಕು ಬೇಕು. ಏಳು ಲಕ್ಷ ಒಟ್ಟಿಗೆ ಅನ್ನೋದು ನಡೆಯುವ ಮಾತಲ್ಲ.

ಹಾಗಂತ ಸಣ್ಣ ಗಂಟುಗಳು ಏನೂ ಮಾಡಲ್ಲ ಅಂತಲ್ಲ. ಬಹಳ ಸೇರಿದರೆ ಬಿಸಿ ಮಾಡುತ್ತವೆ. ಮೈಕ್ರೋವೇವ್ ಒಲೆ 2.45 ಗಿಗಾಹರ್ಟ್ಸ್‌ನದು, ಅದರ ಫೋಟಾನ್ 5ಜಿಗಿಂತಲೂ ಬಡಕಲು, ಆದರೂ ನೂರಾರು ವಾಟ್ ತುಂಬಿದಾಗ ಅಡುಗೆ ಬೇಯುತ್ತದೆ. ಫೋನು, ಟವರ್‌ಗಳಿಗೆ ಮಿತಿ ಹಾಕಿರೋದು ಈ ಬಿಸಿಯ ಲೆಕ್ಕದ ಮೇಲೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ಅಲೆಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪಿಗೆ ಹಾಕಿತು. ಸಾಕ್ಷ್ಯ ಸೀಮಿತವಾಗಿರುವಾಗ ಹಾಕುವ ಗುಂಪು ಅದು. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಹೆದರುವವರ ವಾದಕ್ಕೆ ಇರುವ ಬಲ ಇಷ್ಟು: ಬಿಸಿಯಲ್ಲದ ಬೇರೆ ದಾರಿಯಿಂದ ಪರಿಣಾಮ ಆಗಬಹುದೇ ಎಂಬ ಹುಡುಕಾಟ ನಿಂತಿಲ್ಲ. ಆದರೆ ಡಿಎನ್ಎಯನ್ನು ನೇರವಾಗಿ ಒಡೆಯುತ್ತದೆ ಎಂಬ ಮಾತಿಗೆ ಬಲವೇ ಇಲ್ಲ. ಇನ್ನು ಫೋನಿನ ಹಿಂದೆ ಅಂಟಿಸುವ ‘ವಿಕಿರಣ ತಡೆ’ ಸ್ಟಿಕ್ಕರ್‌ಗಳು ಸುಮ್ನೆ ದುಡ್ಡು ದಂಡ. ಅವು ನಿಜಕ್ಕೂ ತಡೆದರೆ ಫೋನು ಸಿಗ್ನಲ್‌ಗಾಗಿ ಇನ್ನಷ್ಟು ಜೋರಾಗಿ ಅಲೆ ಬಿಡಬೇಕಾಗುತ್ತದೆ.

ನಿಜಕ್ಕೂ ಎಚ್ಚರ ಬೇಕಾದದ್ದು ನಾವು ಹೆದರದೆ ಇರುವ ಬಿಸಿಲಿಗೆ. 300 ನ್ಯಾನೋಮೀಟರ್‌ನ ನೇರಳಾತೀತ ಫೋಟಾನ್‌ನಲ್ಲಿ 4.1 ಎಲೆಕ್ಟ್ರಾನ್ ವೋಲ್ಟ್ ಇದೆ. ಎಲೆಕ್ಟ್ರಾನ್ ಕಿತ್ತುಹಾಕದಿದ್ದರೂ ಡಿಎನ್ಎಯ ಕೊಂಡಿಗಳನ್ನು ಕೆಡಿಸಲು ಅಷ್ಟು ಸಾಕು. ಗಾಜಿನ ಕಿಟಕಿಯ ಹಿಂದೆ ಕೂತರೆ ಮೈ ಕಾಯುತ್ತದೆ, ಆದರೆ ಚರ್ಮ ಸುಡುವ ನೇರಳಾತೀತದ ಬಹುಪಾಲು ಒಳಗೆ ಬರಲ್ಲ. ಸತುವಿನ ತಗಡಿನ ಮುಂದಿನ ಅದೇ ಗಾಜು! ಸೂರ್ಯನ ಬೆಳಕು ಅದೇ ಸಂಸ್ಥೆಯ ಪಟ್ಟಿಯಲ್ಲಿ 1ನೇ ಗುಂಪಿನಲ್ಲಿದೆ, ಅಂದರೆ ಕ್ಯಾನ್ಸರ್‌ಕಾರಕ ಅನ್ನೋದು ಖಚಿತ. ಎಕ್ಸ್‌ರೇ ಫೋಟಾನ್‌ನಲ್ಲಿ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್. ಅಲ್ಲಿ ಒಂದೇ ಫೋಟಾನ್ ಸಹ ಎಲೆಕ್ಟ್ರಾನ್ ಕಿತ್ತು ಹಾಕಬಲ್ಲದು. ಹಾಗಾಗಿ ಅಲ್ಲಿ ಎಷ್ಟು ಬೇಕೋ ಅಷ್ಟೇ ಅನ್ನೋ ಶಿಸ್ತು.

ಕತ್ತಲ ಫೋಟೋದ ಕಾಳು

ಬೆಳಕು ಎಣಿಕೆಯಲ್ಲಿ ಬರುತ್ತದೆ ಅನ್ನೋದನ್ನು ಎಲ್ಲರೂ ನೋಡಿದ್ದಾರೆ, ಗೊತ್ತಿಲ್ಲದೆ. ಮಂದ ಬೆಳಕಿನಲ್ಲಿ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿ, ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿರುತ್ತದೆ. ಅದರಲ್ಲಿ ಒಂದಷ್ಟು ಕ್ಯಾಮೆರಾದ ದೋಷ, ಆದರೆ ದೊಡ್ಡ ಪಾಲು ಬೆಳಕಿನದೇ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಬಿದ್ದರೆ ಒಮ್ಮೆ 90, ಒಮ್ಮೆ 110 ಎಂದು ಏರಿಳಿಯುತ್ತದೆ. ಹತ್ತಕ್ಕೆ ಒಂದು ಏರುಪೇರು. ಹಗಲಿನಲ್ಲಿ 10,000 ಬಿದ್ದರೆ ಏರಿಳಿತ 100ರಷ್ಟು, ನೂರಕ್ಕೆ ಒಂದು. ಕಣ್ಣಿಗೆ ಕಾಣಲ್ಲ. ದುಬಾರಿ ಕ್ಯಾಮೆರಾ ಕೊಂಡರೂ ಈ ಕಾಳು ಪೂರ್ತಿ ಹೋಗಲ್ಲ, ಜಾಸ್ತಿ ಬೆಳಕು ಹಿಡಿಯೋದೊಂದೇ ದಾರಿ.

ಸೌರಫಲಕದ ಮಿತಿಯೂ ಇಲ್ಲೇ ಹುಟ್ಟುತ್ತದೆ. ಸಿಲಿಕಾನ್‌ಗೆ 1.1 ಎಲೆಕ್ಟ್ರಾನ್ ವೋಲ್ಟ್ ಬೇಕು. ಅದಕ್ಕಿಂತ ಕಡಿಮೆ ಇರುವ ಫೋಟಾನ್ ಉಪಯೋಗಕ್ಕಿಲ್ಲ, ಹೆಚ್ಚಿರುವುದರ ಹೆಚ್ಚುವರಿ ಬಿಸಿಯಾಗಿ ಹೋಗುತ್ತದೆ. ಒಂದೇ ಪದರದ ಫಲಕ ಬಿಸಿಲಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ವಿದ್ಯುತ್ ಕೊಡಲಾರದು ಅಂತ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲೇ ಲೆಕ್ಕ ಹಾಕಿದ್ದರು. ಇನ್ನೊಂದು ಕಡೆ, 1984ರಲ್ಲಿ ಬೆನೆಟ್ ಮತ್ತು ಬ್ರಾಸಾರ್ಡ್ ರೂಪಿಸಿದ ಗುಪ್ತ ಸಂದೇಶದ ವಿಧಾನ ನಿಂತಿರುವುದೂ ಫೋಟಾನ್ ಒಡೆಯಲ್ಲ ಅನ್ನೋದರ ಮೇಲೆ. ಕದ್ದು ಕೇಳುವವನು ಅರ್ಧ ಇಟ್ಟುಕೊಂಡು ಅರ್ಧ ಮುಂದೆ ಬಿಡುವಂತಿಲ್ಲ. ಮುಟ್ಟಿದರೆ ಗುರುತು ಉಳಿಯುತ್ತದೆ.

ಅದೇ ಜಗಳ, ಈ ಸಲ ಗುರುತ್ವದಲ್ಲಿ

2015ರ ಸೆಪ್ಟೆಂಬರ್‌ನಲ್ಲಿ ಲೈಗೋ ಶೋಧಕಗಳು ಗುರುತ್ವದ ಅಲೆಗಳನ್ನು ಹಿಡಿದವು. ಅಲೆ ಇದೆ ಅಂದಮೇಲೆ ಅದಕ್ಕೂ ಗಂಟು ಇದೆಯೇ? ಅದಕ್ಕೆ ‘ಗ್ರಾವಿಟಾನ್’ ಅಂತ ಹೆಸರು ಆಗಲೇ ತಯಾರಿದೆ. ಸೆಕೆಂಡಿಗೆ 100 ಸಲ ಮಿಡಿಯುವ ಗುರುತ್ವ ಅಲೆಯ ಒಂದು ಗಂಟಿನಲ್ಲಿರುವ ಶಕ್ತಿ 5ಜಿ ಫೋಟಾನ್‌ಗಿಂತ ಮೂರೂವರೆ ಕೋಟಿ ಪಟ್ಟು ಕಡಿಮೆ. ಹಿಡಿಯೋದು ಅಸಾಧ್ಯ ಅಂತಲೇ ಬಹುಕಾಲ ನಂಬಿದ್ದರು. 2024ರಲ್ಲಿ ಇಗೋರ್ ಪಿಕೋವ್ಸ್ಕಿ ತಂಡ ಒಂದು ದಾರಿ ಸೂಚಿಸಿತು. ಲೋಹದ ದಿಮ್ಮಿಯೊಂದನ್ನು ಅತಿ ತಣ್ಣಗೆ ಮಾಡಿ, ಅದರ ಕಂಪನ ಒಂದೇ ಮೆಟ್ಟಿಲು ಮೇಲೇರುವುದನ್ನು ಕಾಯುವುದು. ದ್ಯುತಿವಿದ್ಯುತ್ ಪರಿಣಾಮದ ಗುರುತ್ವ ರೂಪ ಅಂತ ಅವರೇ ಕರೆದಿದ್ದಾರೆ.

ಅದಕ್ಕೆ ಎದ್ದಿರುವ ಆಕ್ಷೇಪ ನಮಗೆ ಪರಿಚಿತವಾದದ್ದು. ಆ ಒಂದು ಮೆಟ್ಟಿಲು ಗುರುತ್ವದ್ದೋ, ದಿಮ್ಮಿಯದೋ? ದಿಮ್ಮಿ ಕ್ವಾಂಟಂ ನಿಯಮ ಪಾಲಿಸಿದರೆ ಸಾಕು, ಗುರುತ್ವ ಹಳೇ ಅಲೆಯಾಗಿದ್ದರೂ ‘ಟಿಕ್’ ಬರುತ್ತದೆ ಅನ್ನುತ್ತಾರೆ ಟೀಕಾಕಾರರು. ಲ್ಯಾಂಬ್ ಎತ್ತಿದ್ದು ಇದೇ ಪ್ರಶ್ನೆ. ಬೆಳಕಿನ ವಿಷಯದಲ್ಲಿ ಅದಕ್ಕೆ ಉತ್ತರ ಕೊಟ್ಟದ್ದು ಅರೆಗನ್ನಡಿ. ಗುರುತ್ವಕ್ಕೆ ಅರೆಗನ್ನಡಿ ಮಾಡೋದು ಹೇಗೆ ಅಂತ ಯಾರಿಗೂ ಇನ್ನೂ ಹೊಳೆದಿಲ್ಲ.